ನಾಮಿನಿಯ ಹೆಸರು, ವಾರಸುದಾರರ ಹಕ್ಕು

ಜೀವವಿಮೆಯ ಅರ್ಜಿಯಲ್ಲಿ ನಾಮಿನಿ ಯಾರೆಂಬುದನ್ನು ದೇವದುರ್ಗದ ನಮ್ಮ ಎಷ್ಟೋ ಮನೆಗಳಲ್ಲಿ ಏಜೆಂಟರೇ ತೀರ್ಮಾನಿಸುತ್ತಾರೆ. ಮದುವೆಗೆ ಮುಂಚೆ ಬರೆಸಿದ ತಾಯಿಯ ಹೆಸರು ಮಕ್ಕಳಾದ ಮೇಲೂ ಹಾಗೆಯೇ ಉಳಿಯುತ್ತದೆ. ಹಿಂದೂ ಕುಟುಂಬವೊಂದರ ಇಂಥದೇ ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2025ರಲ್ಲಿ, ನಾಮಿನಿ ತಾಯಿಯೇ ಆಗಿದ್ದರೂ ಹಣದಲ್ಲಿ ಪತ್ನಿಗೂ ಮಗುವಿಗೂ ಪಾಲಿದೆ ಎಂದಿತು.

ವಿಮೆ ಧರ್ಮಸಮ್ಮತವೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಮೃತನ ಸಾಲ, ವಸಿಯ್ಯತ್ ತೀರಿದ ಬಳಿಕ, ಮಕ್ಕಳಿದ್ದರೆ ಪತ್ನಿಗೆ ಎಂಟನೆಯ ಒಂದು, ತಾಯಿಗೆ ಆರನೆಯ ಒಂದು ಪಾಲನ್ನು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ನಿಗದಿಪಡಿಸಿದೆ, ಹೆಣ್ಣುಮಕ್ಕಳೂ ಹಕ್ಕುದಾರರೇ. ನಮ್ಮ ದೃಷ್ಟಿಯಲ್ಲಿ ನಾಮಿನಿಯ ಕೈಗೆ ಬರುವುದು ಅಮಾನತು. ಆದ್ದರಿಂದ ಪ್ರೀತಿಗಿಂತ ಹೆಚ್ಚಾಗಿ, ಹಂಚಿಕೊಡುವ ಪ್ರಾಮಾಣಿಕತೆಯನ್ನು ನೋಡಿ ಹೆಸರು ಬರೆಸೋಣ. ಅಪ್ರಾಪ್ತ ಮಗುವೇ ನಾಮಿನಿಯಾದರೆ, ಅದರ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರನ್ನೂ ಅರ್ಜಿಯಲ್ಲಿ ಸೂಚಿಸಬೇಕು.