ನಗಿಸಿದವರನ್ನು ಅಳಿಸಬೇಡಿ

ಕನ್ನಡದಲ್ಲಿ ‘ಅಳಿಸು’ ಎಂಬ ಮಾತಿಗೆ ಎರಡು ಅರ್ಥ. ಅಳುವಂತೆ ಮಾಡು ಎಂಬುದು ಒಂದು, ಒರೆಸಿ ಹಾಕು ಎಂಬುದು ಇನ್ನೊಂದು. ನಮ್ಮ ಟೀವಿ ಸಂದರ್ಶನಗಳಲ್ಲಿ ಹಿರಿಯ ಹಾಸ್ಯನಟರಿಗೆ ಎರಡೂ ಆಗುತ್ತಿದೆ ಎಂಬುದು ನನ್ನ ತಕರಾರು.

ಈ ಸಂದರ್ಶನಗಳ ಪಾಕ ಎಲ್ಲರಿಗೂ ಬಾಯಿಪಾಠವಾಗಿದೆ. ಹಿರಿಯ ನಟ ಬರುತ್ತಾರೆ, ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಹಳೆಯ ಫೋಟೋ ತೋರಿಸುತ್ತಾರೆ. ಪ್ರೈಮರಿ ಶಾಲೆಯ ಮೇಷ್ಟ್ರೋ, ಬಾಲ್ಯದ ಗೆಳೆಯನೋ ಪರದೆಯ ಹಿಂದಿನಿಂದ ಪ್ರತ್ಯಕ್ಷರಾಗುತ್ತಾರೆ. ‘ಆಗ ಊಟಕ್ಕೇನು ಮಾಡ್ತಿದ್ರಿ ಸಾರ್?’ ಎಂದು ಮೆಲ್ಲಗೆ ಕೇಳುತ್ತಾರೆ. ಪಿಟೀಲು ಕೊರಗಲು ಶುರುವಾಗುತ್ತದೆ. ನಟರ ಗಂಟಲು ಕಟ್ಟುತ್ತದೆ, ಕ್ಯಾಮೆರಾ ಸಭಿಕರ ನಡುವೆ ಕಣ್ಣೊರೆಸಿಕೊಳ್ಳುವ ಹೆಂಗಸನ್ನು ಹುಡುಕಿಕೊಂಡು ಹೋಗುತ್ತದೆ. 2014ರಲ್ಲಿ ಝೀ ಕನ್ನಡದಲ್ಲಿ ಶುರುವಾಗಿ 2023ರ ಹೊತ್ತಿಗೆ ಐದು ಸರಣಿ ಕಂಡ ‘ವೀಕೆಂಡ್ ವಿತ್ ರಮೇಶ್’ ಈ ಪಾಕವನ್ನು ಮನೆಮನೆಗೆ ಮುಟ್ಟಿಸಿತು. ಆ ಕಾರ್ಯಕ್ರಮಕ್ಕೆ ಸಭ್ಯತೆಯಾದರೂ ಇತ್ತು. ಅದನ್ನು ನೋಡಿ ಕಲಿತವರಲ್ಲಿ ಅನೇಕರು ಪಿಟೀಲನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ನಾನಿರುವುದು ಅರಸೀಕೆರೆಯಲ್ಲಿ. ಹಾಸ್ಯನಟರ ವಿಚಾರದಲ್ಲಿ ನಮ್ಮ ಊರಿಗೆ ಸ್ವಲ್ಪ ಜಂಬವಿದೆ. ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು ಇಲ್ಲಿ, 1911ರಲ್ಲಿ. ದೊಡ್ಡಣ್ಣ ಹುಟ್ಟಿದ್ದೂ ಇಲ್ಲಿ, 1949ರಲ್ಲಿ. ಬೆಂಗಳೂರಿನ ಕಡೆ ರೈಲು ಹತ್ತಿದರೆ ಮುಂದಿನ ದೊಡ್ಡ ಊರು ತಿಪಟೂರು, ಅದು ನರಸಿಂಹರಾಜು ಅವರದು. ಈ ಮೂವರನ್ನು ಬಿಟ್ಟು ಕನ್ನಡ ಸಿನಿಮಾದ ನಗೆಯ ಚರಿತ್ರೆ ಬರೆಯಲು ಕೂತವನ ಪುಸ್ತಕ ತೀರಾ ತೆಳುವಾದೀತು.

ಬಾಲಕೃಷ್ಣ ತೀರಿಕೊಂಡದ್ದು 1995ರಲ್ಲಿ. ಈಗಿನ ಸಂದರ್ಶನದ ಕುರ್ಚಿಯಲ್ಲಿ ಅವರು ಕೂರಲಿಲ್ಲ. ಕೂತಿದ್ದರೆ ಏನು ಕೇಳುತ್ತಿದ್ದರು? ಬಡತನ ತಾಳಲಾರದೆ ಹೆತ್ತವರು ಮಗುವನ್ನು ಎಂಟು ರೂಪಾಯಿಗೆ ಕೊಟ್ಟುಬಿಟ್ಟರಂತೆ ಎಂಬ ಕಥೆಯೊಂದಿದೆ. ಅವರ ಬಗ್ಗೆ ಬರೆಯುವವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ಟೀವಿಯವರು ಆ ಎಂಟು ರೂಪಾಯಿಯ ಮೇಲೆ ಎರಡು ಕಂತು ತೆಗೆಯುತ್ತಿದ್ದರು.

ನಾನಾಗಿದ್ದರೆ ಕೇಳುತ್ತಿದ್ದುದು ಬೇರೆ. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಸ್ಯನಟನಿಗೆ ಕಿವಿ ಎಂದರೆ ಅಕ್ಕಸಾಲಿಗನಿಗೆ ತಕ್ಕಡಿ ಇದ್ದ ಹಾಗೆ. ಎದುರಿನವನ ಮಾತು ಎಲ್ಲಿ ಮುಗಿಯಿತೆಂದು ತಿಳಿಯಬೇಕು, ಆ ಕೊನೆಯ ಅಕ್ಷರದ ಮೇಲೆ ತನ್ನ ಮಾತು ಬೀಳಬೇಕು. ಅರೆಗಳಿಗೆ ತಡವಾದರೆ ನಗೆ ಸತ್ತಿತು. ನಾಟಕದ ಕಂಪನಿಯಲ್ಲಾದರೆ ಇನ್ನೊಂದು ಕಷ್ಟ. ಜನರ ನಗೆ ಏರಿ, ಇಳಿಯುವ ಹೊತ್ತಿಗೆ ಮುಂದಿನ ಮಾತು ಎಸೆಯಬೇಕು. ಪೂರ್ತಿ ಇಳಿದ ಮೇಲೆ ಎಸೆದರೆ ತಣ್ಣಗಾಗುತ್ತದೆ, ಏರುವಾಗ ಎಸೆದರೆ ಮುಳುಗಿಹೋಗುತ್ತದೆ. ಈ ಮನುಷ್ಯ ರಂಗಭೂಮಿಯಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಸಿನಿಮಾಕ್ಕೆ ಬಂದು, ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಆ ಲೆಕ್ಕ ತಪ್ಪದೆ ನಿಭಾಯಿಸಿದರು. ತುಟಿಯ ಚಲನೆ ನೋಡಿಯೇ? ಸಹನಟರ ಭುಜ, ಕಣ್ಣು ನೋಡಿಯೇ? ‘ಬಂಗಾರದ ಮನುಷ್ಯ’ದ ರಾಚೂಟಪ್ಪನ ಮಾತಿನ ಹದ ಎಲ್ಲಿಂದ ಬಂತು? ಒಂದೇ ಮುಖದಲ್ಲಿ ಕಪಟವನ್ನೂ ನಗೆಯನ್ನೂ ಇಟ್ಟುಕೊಳ್ಳುವುದು ಹೇಗೆ? ಇವು ಪ್ರಶ್ನೆಗಳು. ಎಂಟು ರೂಪಾಯಿಗೆ ಹೋದ ಮಕ್ಕಳು ಆ ಕಾಲದಲ್ಲಿ ಬೇಕಾದಷ್ಟು ಇದ್ದಿರಬಹುದು, ಬಾಲಕೃಷ್ಣ ಒಬ್ಬರೇ.

ದೊಡ್ಡಣ್ಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಇದನ್ನು ಹೇಳುವಾಗಲೂ ‘ಅಲ್ಲಿಂದ ಇಲ್ಲಿಗೆ’ ಎಂದು ಬೆಟ್ಟ ಹತ್ತಿಸಿ ಕೈಬಿಡುತ್ತಾರೆ. ಯಂತ್ರದ ಗದ್ದಲದಲ್ಲಿ ಕೆಲಸ ಮಾಡಿದ ಕಂಠಕ್ಕೂ ತೆರೆಯ ಮೇಲಿನ ಆ ಆರ್ಭಟಕ್ಕೂ ನಂಟಿದೆಯೇ ಎಂದು ಕೇಳುವವರು ಬೇಕು.

‘ಜನ ಪ್ರೀತಿಯಿಂದ ಅಳುತ್ತಾರೆ, ನಿಮಗೇನು ಹೊಟ್ಟೆನೋವು?’ ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಜನರ ಪ್ರೀತಿಯ ಮೇಲೆ ನನಗೆ ಸಂಶಯವಿಲ್ಲ. ಹಿರಿಯರೂ ತಮ್ಮ ಕಷ್ಟ ಹೇಳಿಕೊಳ್ಳಲಿ, ಅದು ಅವರ ಹಕ್ಕು. ಆದರೆ ಆ ಪ್ರೀತಿಗೆ ವಾಹಿನಿ ಏನು ಬಡಿಸುತ್ತಿದೆ? ಅತ್ತು ಎದ್ದ ಸಭಿಕನಿಗೆ ಆ ನಟನ ಕೆಲಸದ ಬಗ್ಗೆ ಹಿಂದಿನ ದಿನಕ್ಕಿಂತ ಒಂದು ಕಾಸಿನಷ್ಟೂ ಹೆಚ್ಚು ತಿಳಿದಿರುವುದಿಲ್ಲ. ಅವನು ಕಷ್ಟಕ್ಕೆ ಮರುಗಿದ, ಹೆಸರಿಗೆ ಬೆರಗಾದ, ಕಲೆಯನ್ನು ಮುಟ್ಟಲೇ ಇಲ್ಲ. ನರಸಿಂಹರಾಜು ಅವರನ್ನು ‘ಕನ್ನಡದ ಚಾರ್ಲಿ ಚಾಪ್ಲಿನ್’ ಎಂದು ಕರೆದು ಕೈತೊಳೆದುಕೊಂಡೆವಲ್ಲ, ಅದೂ ಇದೇ ಬಗೆಯ ಅಭಿಮಾನ. ಬಿರುದು ಕೊಟ್ಟರೆ ನೋಡುವ ಕೆಲಸ ಉಳಿಯಿತು.

ನಮ್ಮ ಸೀಮೆಯಲ್ಲಿ ಕಲೆಗಾರರನ್ನು ಬೇರೆ ರೀತಿಯಲ್ಲಿ ನೋಡುವ ಅಭ್ಯಾಸವೂ ಇದೆ. ಇಲ್ಲಿಂದ ಬಸ್ಸು ಹಿಡಿದು ಹಳೇಬೀಡು ದಾಟಿ ಬೇಲೂರಿಗೆ ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ಮದನಿಕೆಯರ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಅವರು ಉಪವಾಸವಿದ್ದರೇ, ಯಾರು ಸಾಕಿದರು ಎಂದು ಗೈಡೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಗೈಡು ಟಾರ್ಚು ಬಿಟ್ಟು ಕಲ್ಲಿನ ಬಳೆ ತೋರಿಸುತ್ತಾನೆ, ನಾವು ಕುತ್ತಿಗೆ ನೋಯುವವರೆಗೆ ನೋಡುತ್ತೇವೆ. ಅದು ಗೌರವ. ಆ ಕಲ್ಲಿನ ಕೆಲಸ 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಗೆಯ ಕೆಲಸವನ್ನು ಹಾಗೆ ಟಾರ್ಚು ಬಿಟ್ಟು ತೋರಿಸುವ ಗೈಡುಗಳನ್ನು ನಾವು ತಯಾರು ಮಾಡಿಲ್ಲ.

ಪರಿಣಾಮ ಕಣ್ಣೆದುರಿಗಿದೆ. ಬಾಲಕೃಷ್ಣ ಕನ್ನಡ ಚಿತ್ರಗಳು ಇಲ್ಲೇ ತಯಾರಾಗಲೆಂದು ಬೆಂಗಳೂರಿನ ಕೆಂಗೇರಿ ಬಳಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಸ್ಟುಡಿಯೋ ಕಟ್ಟಿ, ‘ಅಭಿಮಾನ್’ ಎಂದೇ ಹೆಸರಿಟ್ಟರು. 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆದದ್ದು ಅಲ್ಲಿ. 2025ರ ಆಗಸ್ಟಿನಲ್ಲಿ ಆ ಸಮಾಧಿ ನೆಲಸಮವಾದಾಗ ವಾಹಿನಿಗಳಲ್ಲಿ ಬಾಲಕೃಷ್ಣರ ಹೆಸರು ದಿನಗಟ್ಟಲೆ ಕೇಳಿಬಂತು, ಜಮೀನಿನ ತಕರಾರಿನ ಸಂಬಂಧವಾಗಿ. ಎಷ್ಟೋ ಎಳೆಯರು ಆ ಹೆಸರನ್ನು ಮೊದಲು ಕೇಳಿದ್ದೇ ಹಾಗೆ. ಒಬ್ಬ ನಟನ ಕೆಲಸವನ್ನು ನೆನಪಿನಲ್ಲಿ ಕೂರಿಸದೆ ಹೋದರೆ ಕೊನೆಗೆ ಉಳಿಯುವುದು ಸರ್ವೆ ನಂಬರು.

ಸಂದರ್ಶನ ಬೇಡ ಎನ್ನುತ್ತಿಲ್ಲ, ಸಂದರ್ಶನವೇ ಆಗಲಿ ಎನ್ನುತ್ತಿದ್ದೇನೆ. ಹಿರಿಯ ಹಾಸ್ಯನಟರನ್ನು ಕರೆಯಿರಿ. ಪಿಟೀಲಿನವರಿಗೆ ರಜೆ ಕೊಡಿ. ಅವರದೇ ಒಂದು ದೃಶ್ಯ ಹಾಕಿ, ನಡುವೆ ನಿಲ್ಲಿಸಿ, ‘ಇಲ್ಲಿ ಯಾಕೆ ಸುಮ್ಮನಾದಿರಿ?’ ಎಂದು ಕೇಳಿ. ಪಕ್ಕದಲ್ಲಿ ನೀನಾಸಂನಿಂದಲೋ ರಂಗಾಯಣದಿಂದಲೋ ಬಂದ ಎಳೆಯ ನಟನೊಬ್ಬನನ್ನು ಕೂರಿಸಿ, ಅವನಿಗೆ ಆ ಮೌನವನ್ನು ಮಾಡಿ ತೋರಿಸಲು ಹೇಳಿ. ಅವನು ತಪ್ಪು ಮಾಡುತ್ತಾನೆ, ಹಿರಿಯರು ‘ಅಲ್ಲಪ್ಪ, ಹೀಗೆ’ ಎಂದು ಕುರ್ಚಿಯಿಂದ ಏಳುತ್ತಾರೆ. ಸಭಿಕರು ನಗುತ್ತಾರೆ. ಆ ನಗೆ ಇಳಿಯುವವರೆಗೆ ಅವರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಕ್ಯಾಮೆರಾ ಹಿಡಿಯಲಿ. ನಮಗೆ ಬೇಕಾದದ್ದು ಅದು.