ಅಮೃತಬಳ್ಳಿಯ ಜಮಾ-ಖರ್ಚು

ಕೋಠಿಯ ಬ್ಯಾಂಕ್ ಸ್ಟ್ರೀಟಿನಲ್ಲಿ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಾನು ವಾಣಿಜ್ಯಶಾಸ್ತ್ರದ ಪದವೀಧರ, ವೈದ್ಯನಲ್ಲ. ಉಸ್ಮಾನಿಯಾ ವೈದ್ಯಕೀಯ ಕಾಲೇಜು ಸಮೀಪದಲ್ಲಿಯೇ ಇದ್ದರೂ ಅದರ ಮೆಟ್ಟಿಲು ಹತ್ತಿದವನಲ್ಲ. ಆದರೂ ಔಷಧದ ವಿಚಾರವಾಗಿ ಬರೆಯುವ ಸಾಹಸಕ್ಕೆ ನನ್ನ ಮನೆಯಲ್ಲಿ ನಡೆದ ಸಂಗತಿಯೇ ಕಾರಣ.

2020ರ ಕೊರೋನಾ ಕಾಲದಲ್ಲಿ ಊರೆಲ್ಲ ಮುಚ್ಚಿದರೂ ಬ್ಯಾಂಕು ಮುಚ್ಚಲಿಲ್ಲ. ನೋಟು ಎಣಿಸುವ ಕೈಗಳಿಗೆಲ್ಲ ಭಯ. ತೆಲುಗರು ತಿಪ್ಪತೀಗ ಎಂದೂ ಹಿಂದಿಯವರು ಗಿಲೋಯ್ ಎಂದೂ ಕರೆಯುವ ಅಮೃತಬಳ್ಳಿಯ ಕಷಾಯವನ್ನು ಸಹೋದ್ಯೋಗಿಗಳಿಗೂ ನನ್ನ ಅಕ್ಕನಿಗೂ ನಾನೇ ಒತ್ತಾಯದಿಂದ ಕುಡಿಸಿದೆ. ಅಕ್ಕನಿಗೆ ಥೈರಾಯಿಡ್ ತೊಂದರೆ ಮೊದಲೇ ಇತ್ತು. ಮೂರನೆಯ ತಿಂಗಳಲ್ಲಿ ಅವಳ ಕಣ್ಣು ಹಳದಿಯಾಯಿತು. ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ವೈದ್ಯರು ಕೇಳಿದಾಗ ಕಷಾಯದ ಹೆಸರನ್ನು ನಾವು ಎತ್ತಲೇ ಇಲ್ಲ. ಅದು ಔಷಧವೆಂದೇ ನಮಗೆ ತೋರಿರಲಿಲ್ಲ. ಮತ್ತೊಮ್ಮೆ ಕೇಳಿದಾಗ ಅಕ್ಕ, "ತಮ್ಮ ಕೊಡುವ ಬಳ್ಳಿಯ ರಸ" ಎಂದು ಮೆಲ್ಲನೆ ಹೇಳಿದಳು. ಅದನ್ನು ನಿಲ್ಲಿಸಿದ ಕೆಲವು ವಾರಗಳಲ್ಲಿ ಕಾಮಾಲೆ ಇಳಿಯಿತು. ಬಳ್ಳಿಯೇ ಕಾರಣವೆಂದು ವೈದ್ಯರು ಖಚಿತವಾಗಿ ನುಡಿಯಲಿಲ್ಲ; ಬಲವಾದ ಸಂಶಯವಿದೆ ಎಂದರು.

ಹಾಗೆಂದು ಬಳ್ಳಿಯ ಕೀರ್ತಿ ಬರಿಯ ಕಟ್ಟುಕಥೆಯಲ್ಲ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಅವರ ಸಂಗಡಿಗರು ಇದನ್ನು ಶ್ರದ್ಧೆಯಿಂದ ಪರೀಕ್ಷಿಸಿದರು. 1992ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇಲಿಗಳ ಹೊಟ್ಟೆಯೊಳಗೆ ರೋಗಾಣುಗಳನ್ನು ಸೇರಿಸಲಾಯಿತು. ಬಳ್ಳಿಯ ಸಾರವನ್ನು ಪಡೆದಿದ್ದ ಇಲಿಗಳಲ್ಲಿ ಸಾವು ಬಹಳ ಕಡಿಮೆಯಾಯಿತು. ಸ್ವಾರಸ್ಯವೆಂದರೆ ಆ ಸಾರಕ್ಕೆ ನೇರವಾಗಿ ರೋಗಾಣುಗಳನ್ನು ಕೊಲ್ಲುವ ಗುಣವಿರಲಿಲ್ಲ. ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣಗಳ ಸಾಮರ್ಥ್ಯ ಹೆಚ್ಚಿತ್ತು. 1993ರಲ್ಲಿ ಪಿತ್ತನಾಳ ಕಟ್ಟಿ ಕಾಮಾಲೆಯಾದ 30 ರೋಗಿಗಳ ಮೇಲಿನ ಅಧ್ಯಯನವೂ ಆಶಾದಾಯಕವಾಗಿತ್ತು. ಕಾಮಾಲೆಯವರಿಗೆ ಆಸರೆಯಾದ ಬಳ್ಳಿ ನನ್ನ ಅಕ್ಕನಿಗೆ ಕಾಮಾಲೆ ತಂದಿರಬಹುದೆಂಬುದು ನನಗೆ ಒಗಟಾಗಿಯೇ ಕಂಡಿತು.

ಯೋಚಿಸಿದಾಗ ಒಗಟು ಸ್ವಲ್ಪ ಬಿಡುತ್ತದೆ. ಪ್ರಯೋಗಶಾಲೆಯ ಇಲಿಗೆ ತೂಕ ನೋಡಿ, ಇಂತಿಷ್ಟೇ ದಿನ ಕೊಡುತ್ತಾರೆ. ನಾವು ಹಿಡಿಗಟ್ಟಲೆ ಕುದಿಸಿ ತಿಂಗಳುಗಟ್ಟಲೆ ಕುಡಿದೆವು. ಅದಲ್ಲದೆ ಕೆಲವರ ದೇಹದಲ್ಲಿ ರಕ್ಷಕ ಕಣಗಳೇ ದಾರಿತಪ್ಪಿ ಸ್ವಂತ ಅಂಗಗಳ ಮೇಲೆ ಬೀಳುತ್ತವೆ. ಥೈರಾಯಿಡ್ ತೊಂದರೆಗಳಲ್ಲಿ ಹಲವು ಈ ಬಗೆಯವು. ಅಂಥವರಲ್ಲಿ ಅದೇ ಕಣಗಳನ್ನು ಇನ್ನಷ್ಟು ಕೆರಳಿಸುವುದು ಹಿತವೆ? 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂಬ ಜಾಹೀರಾತಿನ ಮಾತು ನನಗಂತೂ ಅರ್ಧ ಲೆಕ್ಕವಾಗಿ ಕಾಣುತ್ತದೆ. ಜಮೆಯ ಪುಟವಿದೆ, ಖರ್ಚಿನ ಪುಟವಿಲ್ಲ.

2021ರಲ್ಲಿ ಮುಂಬಯಿಯ ವೈದ್ಯರು ಇಂಥ 6 ಯಕೃತ್ತಿನ ರೋಗಿಗಳ ವರದಿ ಪ್ರಕಟಿಸಿದಾಗ ಆಯುಷ್ ಸಚಿವಾಲಯ ಆಕ್ಷೇಪಿಸಿತು. ಸಸ್ಯದ ಗುರುತೇ ತಪ್ಪಿರಬಹುದೆಂಬುದು ಅದರ ವಾದ. ಅಲಕ್ಷಿಸತಕ್ಕ ಮಾತಲ್ಲ ಅದು, ಏಕೆಂದರೆ ಇದನ್ನೇ ಹೋಲುವ ಬೇರೆ ಬಳ್ಳಿಯೂ ಉಂಟು. ಆದರೆ 2022ರಲ್ಲಿ ನಮ್ಮ ಹೈದರಾಬಾದಿನ ತಜ್ಞರೂ ಸೇರಿ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟಿಸಿದರು. ಸೇವನೆ ನಿಲ್ಲಿಸಿದ ಮೇಲೆ ಬಹುಪಾಲು ಮಂದಿ ಚೇತರಿಸಿಕೊಂಡರು, ಕೆಲವರು ಉಳಿಯಲಿಲ್ಲ.

ಆಯುರ್ವೇದವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾಡಿ ನೋಡಿ, ಪ್ರಕೃತಿ ತಿಳಿದು, ಅಳತೆಯಿಂದ ಕೊಡುವ ವೈದ್ಯರಿಗೂ ನನ್ನಂಥ ಕಷಾಯದಾತನಿಗೂ ಅಜಗಜಾಂತರ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನನ್ನದೊಂದು ಅರಿಕೆ: ಮುಂದೆ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವಾಗ ನೋಂದಣಿ ಚೀಟಿಯಲ್ಲಿ 'ಯಾವ ಮನೆಮದ್ದು, ಎಷ್ಟು ದಿನದಿಂದ' ಎಂಬ ಅಂಕಣವೊಂದನ್ನು ಸೇರಿಸಿರಿ. ಚೀಟಿ ಅಚ್ಚು ಹಾಕಿಸುವ ವೆಚ್ಚವನ್ನು ನಾನು ಭರಿಸುತ್ತೇನೆ.