ಸ್ಟೇಟಸ್ ಸಾಕು, ಫೌಜಿ ಅಜ್ಜನ ಅರ್ಜಿ ತುಂಬೋಣ

ಆಗಸ್ಟ್ 15 ಬಂತೆಂದರೆ ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು ಸೀಮೆಯ ಫೋನುಗಳಲ್ಲಿ ಒಂದೇ ನಮೂನೆಯ ಸ್ಟೇಟಸ್: ಕತ್ತಿ ಹಿಡಿದ ರಾಯಣ್ಣ, ಪಕ್ಕದಲ್ಲಿ ಬಂದೂಕು ಹಿಡಿದ ಸೈನಿಕ, ಕೆಳಗೆ ‘ನಿಮ್ಮ ಋಣ ತೀರಿಸಲಾಗದು’. ಜನವರಿ 26ಕ್ಕೆ ಮತ್ತೆ ಅದೇ. 24 ತಾಸಿಗೆ ಸ್ಟೇಟಸ್ ಅಳಿಯುತ್ತದೆ, ಋಣವೂ ಅಳಿಯುತ್ತದೆ.

ತೀರಿಸಲಾಗದು ಅನ್ನುವ ಮೊದಲು ತೀರಿಸಲು ಯಾರು ಏನು ಮಾಡಿದ್ದೇವೆ ಅಂತ ನಾವು ಕೇಳುತ್ತೇವೆ.

ರಾಯಣ್ಣನ ಹೆಸರು ಹೇಳುವವರು ಅವನ ಸಿಟ್ಟಿನ ಮೂಲವನ್ನೂ ತಿಳಿಯಬೇಕು. ಅವನು ಕಿತ್ತೂರು ಸಂಸ್ಥಾನದ ಶೇತಸನದಿ. ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಪಡೆದ ಸೈನಿಕ. ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಆ ಹೊಲ ಕಸಿದುಕೊಂಡಿತು, ಉಳಿದದ್ದಕ್ಕೆ ಕಂದಾಯ ಏರಿಸಿತು. ಅವನ ಪಡೆ ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸೈನಿಕನಿಗೆ ಕೊಟ್ಟ ಮಾತು ಮುರಿದರೆ ಏನಾಗುತ್ತದೆ ಅನ್ನುವುದು ನಮ್ಮ ಊರಿನದೇ ಪಾಠ.

ಈಗಿನ ಸೈನಿಕನಿಗೂ ಮಾತು ಕೊಟ್ಟಿದ್ದೇವೆ. ರಾಜ್ಯದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೂ ಪಾಲಿದೆ. ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಉತಾರದಲ್ಲಿ ಹೆಸರು ಬರಬೇಕು. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಮುಪ್ಪಾದವರು ಎಷ್ಟು ಊರುಗಳಲ್ಲಿ ಇಲ್ಲ?

‘ಅವರಿಗೇನು ಕಡಿಮೆ? ಪಿಂಚಣಿ ಇದೆ, ಕ್ಯಾಂಟೀನ್ ಇದೆ’ ಅನ್ನುವವರು ಕಟ್ಟೆಯ ಮೇಲೆ ಸಿಗುತ್ತಾರೆ. ಸಿಪಾಯಿಯಾಗಿ ಸೇರಿದವನು ನಲವತ್ತರ ಆಸುಪಾಸಿನಲ್ಲೇ ನಿವೃತ್ತನಾಗಿ ಬರುತ್ತಾನೆ. ಆಗ ಮಕ್ಕಳು ಇನ್ನೂ ಶಾಲೆಯಲ್ಲಿ. ಪಿಂಚಣಿ ಈಗ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅಂತ ಪ್ರಮಾಣಪತ್ರ ಕೊಡದಿದ್ದರೆ ಹಣ ನಿಲ್ಲುತ್ತದೆ. ಡಿಸ್ಚಾರ್ಜ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಸ್ಪೆಲಿಂಗ್ ಇದ್ದರೆ ಅವರು ತೀರಿಕೊಂಡ ಮೇಲೆ ಹೆಂಡತಿ ತಿಂಗಳುಗಟ್ಟಲೆ ಅಲೆಯಬೇಕು. ಗಡಿಯಲ್ಲಿ ಶತ್ರುವಿಗೆ ಹೆದರದ ಅಜ್ಜ ಓಟಿಪಿಗೆ ಹೆದರಿ ಕೂತಿದ್ದಾನೆ.

2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಇಡೀ ನಾಡು ಅವರಿಗಾಗಿ ಬೇಡಿಕೊಂಡಿತು, ಕೊನೆಗೆ ಅತ್ತಿತು. ಅಳಬೇಕಾದದ್ದೇ. ಅಂಥದೇ ಹಿಮದಲ್ಲಿ ಕಾವಲು ಕಾದು ಮೊಣಕಾಲು ನೋವು ಹೊತ್ತು ಬಂದವರು ಪಕ್ಕದ ಓಣಿಯಲ್ಲೇ ಇದ್ದಾರೆ. ಸತ್ತವರಿಗೆ ಮೆರವಣಿಗೆ, ಬದುಕಿ ಬಂದವರಿಗೆ ಪಾಳಿ. ಇದು ಗೌರವವಲ್ಲ.

ಇನ್ನೊಂದು ಮಾತು ನಮ್ಮ ವಯಸ್ಸಿನವರದೇ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ನೂರಕ್ಕೆ 25ರವರೆಗೆ ಮಾತ್ರ. ಉಳಿದವರಿಗೆ ಒಂದು ಗಂಟು ಹಣ ಸಿಗುತ್ತದೆ, ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಹೆಸರೂ ಇಲ್ಲ. ಬೆಳಗಿನ ಜಾವ ರಸ್ತೆಯಲ್ಲಿ ಓಡುವ ನಮ್ಮ ದೋಸ್ತರು ನಾಳೆ ಬರಿಗೈಲಿ ನಿಂತಾಗ ಯಾವ ಸ್ಟೇಟಸ್ ಹಾಕುತ್ತೀರಿ? ಈ ಪ್ರಶ್ನೆಯನ್ನು ಓಟು ಕೇಳಲು ಬಂದವರಿಗೆ ಕೇಳಿ.

ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರವೇ ಮಾಡಬೇಕು, ಬಿಡಬಾರದು. ನಾವು ಮಾಡಬಹುದಾದದ್ದೂ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಸೇನೆಯಿಂದ ನಿವೃತ್ತರಾದ ಜನವರಿ 14 ಮಾಜಿ ಯೋಧರ ದಿನ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಹೇಗೂ ಮನೆಮನೆಗೆ ಹೋಗುತ್ತೇವೆ. ಆ ದಿನ ಊರಿನ ಫೌಜಿಗಳ, ಅವರ ವಿಧವೆಯರ ಪಟ್ಟಿ ಮಾಡಿ. ಜೀವನ ಪ್ರಮಾಣಪತ್ರವನ್ನು ಮುಖ ತೋರಿಸಿ ಫೋನಿನಲ್ಲೇ ಕೊಡಬಹುದು, ಮಾಡಿಕೊಡಿ. ಹೆಸರು ತಪ್ಪಿದ್ದರೆ ಈಗಲೇ ತಿದ್ದಿಸಿ. ಜಮೀನಿನ ಅರ್ಜಿ ಎಲ್ಲಿ ನಿಂತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಡಾಲ್ಬಿಗೆ ಪಟ್ಟಿ ಎತ್ತುವ ಯುವಕ ಸಂಘಕ್ಕೆ ಇದು ದೊಡ್ಡ ಕೆಲಸವಲ್ಲ. ಮಾಡುವ ಮನಸ್ಸು ಬೇಕು.